ಮಾಸಿದ ಬಟ್ಟೆಗೆ ಮರುಬಣ್ಣ

ಉಟ್ಟು, ಒಗೆದು, ಬಿಸಿಲಿಗೆ ಹರವಿ ಕಳೆಗುಂದಿದ ಉಡುಪು, ಹಾಸು-ಹೊದಿಕೆ, ಪರದೆ ಮುಂತಾದವನ್ನು ಮನೆಯಲ್ಲೇ ಚೇತರಿಸುವ ಅಥವಾ ಅವಕ್ಕೆ ಹೊಸದಾಗಿ ಬಣ್ಣ ಹಾಕುವ ಕೆಲಸ. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತಿವೆ. ಎಳೆಗಳ ಮೇಲೆ ಕೂತ ಕೊಳೆ, ಸುಣ್ಣದ ಅಂಶ, ಎದ್ದ ಜುಂಗು ಇವನ್ನು ತೆಗೆದು ಅಡಿಯಲ್ಲಿರುವ ಬಣ್ಣ ಕಾಣುವಂತೆ ಮಾಡುವುದು ಒಂದು. ನಿಜವಾಗಿಯೂ ಹೋಗಿಬಿಟ್ಟ ಬಣ್ಣದ ಜಾಗಕ್ಕೆ ಬೇರೆ ಬಣ್ಣ ಕೂರಿಸುವುದು ಇನ್ನೊಂದು. ಮಾಸಿದಂತೆ ಕಾಣುವ ಬಟ್ಟೆಗಳಲ್ಲಿ ಬಣ್ಣ ಕಳೆದುಕೊಳ್ಳದೆ ಇರುವವೂ ಸಾಕಷ್ಟಿವೆ. ಬಣ್ಣದ ಪೊಟ್ಟಣ ತರುವ ಮೊದಲು ಈ ಎರಡರಲ್ಲಿ ಯಾವುದು ಬೇಕೆಂದು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಬಟ್ಟೆಯೂ ಉಳಿಯುತ್ತದೆ.

ಮಾಸುವುದೇಕೆ

ಬಣ್ಣದ ಅಣುವಿನಲ್ಲಿ ಬೆಳಕನ್ನು ಹೀರುವ ಒಂದು ಭಾಗವಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಈ ಭಾಗವನ್ನು ಮುರಿಯುತ್ತವೆ. ಒಮ್ಮೆ ಮುರಿದ ಅಣು ಯಾವ ಸೋಪಿಗೂ ಯಾವ ಹುಳಿಗೂ ಮರಳುವುದಿಲ್ಲ. ಪಶ್ಚಿಮದ ಕಿಟಕಿಯ ಪರದೆಯಲ್ಲಿ ನೆರಿಗೆಯ ಹೊರಮೈ ಬಿಳಿಚಿಕೊಂಡು ಒಳಮೈ ಮೊದಲಿನಂತೆಯೇ ಇರುವುದು ಇದರಿಂದ. ನೀರಿನ ದಾಳಿ ಬೇರೆ ಬಗೆಯದು: ಕೆಲವು ಬಣ್ಣಗಳು ಎಳೆಗೆ ರಾಸಾಯನಿಕವಾಗಿ ಬೆಸೆದುಕೊಳ್ಳದೆ ದುರ್ಬಲ ಸೆಳೆತದಿಂದ ಮಾತ್ರ ಅಂಟಿಕೊಂಡಿರುತ್ತವೆ, ಒಗೆದಾಗಲೆಲ್ಲ ಒಂದಿಷ್ಟು ಜಾರುತ್ತವೆ. ನಲ್ಲಿ ನೀರಿನ ಕ್ಲೋರಿನ್, ಬ್ಲೀಚಿಂಗ್ ಪುಡಿ, ಕಂಕುಳಿನ ಬೆವರು ತಂತಮ್ಮ ಪಾಲಿನ ಹಾನಿ ಮಾಡುತ್ತವೆ. ಜೀನ್ಸ್ ಬಟ್ಟೆಯದು ಇನ್ನೂ ಬೇರೆ ಕತೆ. ಅದರ ನೂಲಿನ ಹೊರಪದರಕ್ಕಷ್ಟೇ ನೀಲಿ ಹತ್ತಿರುತ್ತದೆ, ತಿರುಳು ಬಿಳಿಯಾಗಿಯೇ ಉಳಿದಿರುತ್ತದೆ. ಹಾಗಾಗಿ ಮಂಡಿ ಉಜ್ಜಿದ ಕಡೆ ಮೊದಲು ಬೆಳ್ಳಗಾಗುತ್ತದೆ.

ಇವೆಲ್ಲ ನಿಜವಾದ ನಷ್ಟ. ಕಣ್ಣಿಗೆ ನಷ್ಟವೆಂದು ತೋರುವ ಬೇರೆ ಸಂಗತಿಗಳಿವೆ. ಹತ್ತಿಯ ಎಳೆಗಳ ತುದಿಗಳು ಒಗೆತದಲ್ಲಿ ಸೀಳಿ ಮೇಲೆದ್ದು ನವಿರಾದ ಜುಂಗಾಗುತ್ತವೆ. ಅದು ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುವುದರಿಂದ ಕಪ್ಪು ಬಟ್ಟೆ ಬೂದಿಯಾಗಿ ಕಾಣುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಕರಗದ ಜಿಡ್ಡಾಗಿ ಎಳೆಗಳ ಸಂದಿಯಲ್ಲಿ ಕೂರುತ್ತವೆ. ಡಿಟರ್ಜೆಂಟ್ ಪುಡಿಯಲ್ಲಿ ಬಿಳುಪಿನ ಹೊಳಪಿಗೆಂದು ಸೇರಿಸುವ ವಸ್ತುಗಳು ಕೆನೆಬಣ್ಣ, ಬಾದಾಮಿ ಬಣ್ಣ, ಖಾಕಿಯಂಥ ತಿಳಿಬಣ್ಣಗಳ ಮೇಲೆ ಕೂತು ಅವುಗಳ ಛಾಯೆಯನ್ನೇ ಬದಲಿಸುತ್ತವೆ.

ನಿಜವಾದ ನಷ್ಟವನ್ನೂ ತೋರಿಕೆಯ ನಷ್ಟವನ್ನೂ ಬೇರ್ಪಡಿಸಿ ನೋಡಲು ಸುಲಭದ ಪರೀಕ್ಷೆಯೊಂದಿದೆ. ಉಡುಪಿನ ಅಂಚಿನ ಮಡಿಕೆಯನ್ನು ಬೆರಳುದ್ದ ಬಿಚ್ಚಿ, ಬೆಳಕನ್ನೇ ಕಾಣದ ಒಳಮೈಯನ್ನೂ ಮಾಸಿದ ಹೊರಮೈಯನ್ನೂ ಒಟ್ಟಿಗೆ ಒದ್ದೆ ಮಾಡಿ ಕಿಟಕಿಯ ಬಳಿ ಹಿಡಿಯಬೇಕು. ನೀರು ಎಳೆಗಳ ನಡುವಿನ ಗಾಳಿಯ ಜಾಗ ತುಂಬಿ ಜುಂಗು ಮತ್ತು ಜಿಡ್ಡಿನ ಮಬ್ಬನ್ನು ತಾತ್ಕಾಲಿಕವಾಗಿ ಮರೆಸುತ್ತದೆ. ಒದ್ದೆಯಲ್ಲಿ ಎರಡೂ ಒಂದೇ ಆಗಿ ಕಂಡರೆ ಬಣ್ಣ ಇದ್ದಲ್ಲೇ ಇದೆ, ಮೇಲ್ಮೈಯನ್ನು ಸರಿಮಾಡಿದರೆ ಸಾಕು. ಒದ್ದೆಯಲ್ಲೂ ವ್ಯತ್ಯಾಸ ಎದ್ದು ಕಂಡರೆ ಬಣ್ಣ ಹೋಗಿದೆ.

ಬಣ್ಣ ಹಾಕದೆ ಚೇತರಿಕೆ

ಗಡಸು ನೀರಿನ ಜಿಡ್ಡಿಗೆ ಹುಳಿಯೇ ಮದ್ದು. ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಅಥವಾ ಎರಡು ಚಮಚ ನಿಂಬೆ ಉಪ್ಪು ಕರಗಿಸಿ ಬಟ್ಟೆಯನ್ನು ಅರ್ಧ ಗಂಟೆ ನೆನೆಸಿ, ಆಮೇಲೆ ಎರಡು ಸಲ ಒಳ್ಳೆಯ ನೀರಿನಲ್ಲಿ ಜಾಲಿಸಬೇಕು. ಒಗೆಯುವ ಪುಡಿಯೇ ಮಿಕ್ಕು ಮೆತ್ತಿಕೊಂಡಿದ್ದರೆ ಹತ್ತಿ ಬಟ್ಟೆಯನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲಿ ನೆನೆಸುವುದು ಮೇಲು. ರೇಷ್ಮೆ, ಉಣ್ಣೆಗಳಿಗೆ ಸೋಡಾ ಸೋಕಿಸಲೇಬಾರದು. ಎದ್ದ ಜುಂಗನ್ನು ಬ್ಯಾಟರಿಯಲ್ಲಿ ನಡೆಯುವ ಸಣ್ಣ ಯಂತ್ರದಿಂದ ಹೆರೆಯಬಹುದು. ಬಣ್ಣದ ಬಟ್ಟೆಗೆಂದೇ ಮಾರುವ ಕೆಲವು ಡಿಟರ್ಜೆಂಟುಗಳಲ್ಲಿ ಸೆಲ್ಯುಲೇಸ್ ಎಂಬ ಕಿಣ್ವವಿರುತ್ತದೆ. ಅದು ಎದ್ದ ತುದಿಗಳನ್ನು ಕತ್ತರಿಸಿ ನಾಲ್ಕಾರು ಒಗೆತಗಳಲ್ಲಿ ಹತ್ತಿಯ ಮೇಲ್ಮೈಯನ್ನು ನುಣುಪಾಗಿಸುತ್ತದೆ.

ಬಿಳಿ ಬಟ್ಟೆಯ ಚೇತರಿಕೆ ಪ್ರತ್ಯೇಕ ವಿದ್ಯೆಯೇ ಸರಿ. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ಕ್ಷಾರದಲ್ಲಿ ಅದ್ದಿ, ಕುದಿಯುವ ನೀರಿನ ಹಂಡೆಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಇದೇ ಉಬ್ಬೆ. ಮರುದಿನ ಕಲ್ಲಿಗೆ ಬಡಿದು, ಒದ್ದೆಯಲ್ಲೇ ಹುಲ್ಲಿನ ಮೇಲೆ ಹರವಿ, ಒಣಗುತ್ತ ಬಂದಂತೆ ನೀರು ಚಿಮುಕಿಸುತ್ತಿದ್ದರು. ಕ್ಷಾರ ಎಣ್ಣೆಜಿಡ್ಡನ್ನು ಸೋಪಾಗಿಸಿದರೆ, ಬಿಸಿಲು ಹಳದಿ ಬಣ್ಣವನ್ನು ಒಡೆಯುತ್ತಿತ್ತು. ಇಂದು ಇದೇ ಕೆಲಸವನ್ನು ಸೋಡಿಯಂ ಪರ್ಕಾರ್ಬೊನೇಟ್ ಮಾಡುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಾ ಆಗಿ ಒಡೆಯುತ್ತದೆ. ಹತ್ತಿಗೆ ಕ್ಲೋರಿನ್ ಬ್ಲೀಚಿಗಿಂತ ಇದು ಸೌಮ್ಯ.

ಹಳದಿಯನ್ನು ತೆಗೆಯದೆ ಮರೆಸುವ ದಾರಿ ನೀಲಿಯದು. ಹಳದಿಗೆ ನೀಲಿ ಎದುರುಬಣ್ಣ. ಎರಡೂ ಸೇರಿದರೆ ಕಣ್ಣಿಗೆ ಬಿಳುಪೆನಿಸುತ್ತದೆ. ಹಿಂದಿನ ನೀಲಿಪುಡಿ ಅಲ್ಟ್ರಾಮರೀನ್ ಎಂಬ ಕರಗದ ವರ್ಣದ್ರವ್ಯ. ಲಾಜವರ್ದ ಕಲ್ಲನ್ನು ಅರೆದು ಮಾಡುತ್ತಿದ್ದ ಈ ದುಬಾರಿ ಬಣ್ಣವನ್ನು ಫ್ರಾನ್ಸಿನ ಗಿಮೆ 1828ರ ಸುಮಾರಿಗೆ ಕೃತಕವಾಗಿ ತಯಾರಿಸಿದ ಮೇಲೆಯೇ ಅದು ಒಗೆಯುವ ಕಲ್ಲಿನ ಬಳಿ ಬಂದದ್ದು. ನೀರಿನಲ್ಲಿ ಕರಗದ್ದರಿಂದ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಲುಗಿಸಬೇಕಾಗಿತ್ತು; ತಪ್ಪಿದರೆ ಪಂಚೆಯ ತುಂಬ ನೀಲಿ ಚುಕ್ಕೆ. 1983ರಲ್ಲಿ ಕೇರಳದಲ್ಲಿ ಎಂ. ಪಿ. ರಾಮಚಂದ್ರನ್ ಶುರುಮಾಡಿದ ಉಜಾಲಾ ದ್ರವರೂಪದ್ದಾದ್ದರಿಂದ ಈ ತೊಂದರೆ ತಪ್ಪಿತು, ನೀಲಿಪುಡಿಯ ಕಾಲ ಬಹುಮಟ್ಟಿಗೆ ಮುಗಿಯಿತು. ನೀಲಿಪುಡಿ ಹಾಕಿದ ನೀರಿಗೆ ವಿನೆಗರ್ ಬೆರೆಸಬಾರದು, ಹುಳಿಯಲ್ಲಿ ಅಲ್ಟ್ರಾಮರೀನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಟಿನೋಪಾಲ್ ಜಾತಿಯ ಬಿಳುಪುಕಾರಕಗಳು ಬಣ್ಣವೇ ಅಲ್ಲ. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುತ್ತವೆ. ಅದಕ್ಕೇ ಆ ಅಂಗಿ ಬಿಸಿಲಿನಲ್ಲಿ ಝಗ್ಗೆನ್ನುತ್ತದೆ, ಅತಿನೇರಳೆ ಕಿರಣ ಅಷ್ಟಾಗಿ ಇಲ್ಲದ ಮನೆದೀಪದ ಕೆಳಗೆ ಸಾಧಾರಣವಾಗಿ ಕಾಣುತ್ತದೆ.

ಕ್ಲೋರಿನ್ ಬ್ಲೀಚ್ ಹತ್ತಿ, ಲಿನನ್‌ಗಳಿಗೆ ಮಾತ್ರ. ರೇಷ್ಮೆ ಮತ್ತು ಉಣ್ಣೆಯನ್ನು ಅದು ಕರಗಿಸಿಯೇಬಿಡುತ್ತದೆ, ಲೆಗ್ಗಿಂಗಿನಲ್ಲಿರುವ ಹಿಗ್ಗುವ ಎಳೆಯನ್ನು ಹಳದಿಗಟ್ಟಿಸಿ ಹಾಳುಮಾಡುತ್ತದೆ. ಬ್ಲೀಚಿನ ಜೊತೆ ವಿನೆಗರನ್ನಾಗಲಿ ನಿಂಬೆ ಉಪ್ಪನ್ನಾಗಲಿ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಮಾಸಿದ ಕಪ್ಪು ಬಟ್ಟೆಯನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಹೊಸದಾಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಕಾಫಿ ಕೊಡುವುದು ತೆಳು ಕಂದು. ಕಪ್ಪಿನ ಮೇಲೆ ಅದು ಲೆಕ್ಕಕ್ಕೇ ಇಲ್ಲ. ಡಿಕಾಕ್ಷನ್ ಕುಡಿಯುವುದೇ ಲೇಸು.

ಮನೆಗೆ ಬಂದ ಬಣ್ಣ

ಮೊಹೆಂಜೊದಾರೊದಲ್ಲಿ ಸಿಕ್ಕ ಹತ್ತಿ ಬಟ್ಟೆಯ ಚೂರು ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪಾಗಿತ್ತು. ಹತ್ತಿಗೆ ಆ ಕೆಂಪು ಸುಮ್ಮನೆ ಹತ್ತುವುದಿಲ್ಲ. ಪಟಿಕದಂಥ ಲೋಹಲವಣ ವರ್ಣಬಂಧಕವಾಗಿ ನಡುವೆ ಬೇಕು. ಅಂದರೆ ಈ ತಿಳಿವಳಿಕೆ ನಾಲ್ಕು ಸಾವಿರ ವರ್ಷಗಳಿಗೂ ಹಳೆಯದು. ಆದರೆ ಶತಮಾನಗಳ ಕಾಲ ಗಟ್ಟಿ ಬಣ್ಣ ಹಾಕುವುದು ಬಹುಮಟ್ಟಿಗೆ ನೀಲಗಾರರು, ಬಣ್ಣಗಾರರ ಕಸುಬಾಗಿತ್ತು. ಮನೆಮಂದಿ ಅರಿಶಿನ, ಕಾವಿ, ಮುತ್ತುಗದ ಹೂವಿನಷ್ಟಕ್ಕೆ ನಿಲ್ಲುತ್ತಿದ್ದರು.

1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟರ ಹುಡುಗ ವಿಲಿಯಂ ಹೆನ್ರಿ ಪರ್ಕಿನ್ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ತಯಾರಿಸಿದ. ಅಲ್ಲಿಂದ ಕಲ್ಲಿದ್ದಲ ಡಾಂಬರಿನಿಂದ ಬಣ್ಣ ತೆಗೆಯುವ ಉದ್ಯಮ ಬೆಳೆಯಿತು. ಮನೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ವರ್ಷ 1884. ಆ ವರ್ಷ ಜರ್ಮನಿಯಲ್ಲಿ ಬಂದ ಕಾಂಗೋ ರೆಡ್, ವರ್ಣಬಂಧಕದ ಹಂಗಿಲ್ಲದೆ ಹತ್ತಿಗೆ ನೇರವಾಗಿ ಹತ್ತುವ ‘ಡೈರೆಕ್ಟ್’ ಬಣ್ಣ. ಬಿಸಿನೀರು, ಉಪ್ಪು, ಒಂದು ಪಾತ್ರೆ ಇದ್ದರೆ ಸಾಕು ಎಂಬ ಸ್ಥಿತಿ ಇಂಥ ಬಣ್ಣಗಳಿಂದ ಬಂತು. ಅಮೆರಿಕದ ವರ್ಮಾಂಟ್ ರಾಜ್ಯದಿಂದ ಡೈಮಂಡ್ ಡೈಸ್ ಎಂಬ ಹೆಸರಿನ ಹತ್ತು ಸೆಂಟಿನ ಪೊಟ್ಟಣಗಳು 1880ರ ದಶಕದಲ್ಲಿ ಮನೆಮನೆಗೆ ಹೋದವು. ಆಮೇಲೆ ಅಲ್ಲಿ ರಿಟ್, ಬ್ರಿಟನ್ನಿನಲ್ಲಿ ಡೈಲಾನ್ ಬಂದವು. ಯುದ್ಧಕಾಲದ ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ. 1943ರಲ್ಲಿ ಸರ್ಕಾರವೇ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕಿರುಹೊತ್ತಗೆ ಹೊರಡಿಸಿ, ಇದ್ದ ಬಟ್ಟೆಯನ್ನೇ ತೇಪೆ ಹಾಕಿ ಹೊಲಿದು ಬಾಳಿಸಿಕೊಳ್ಳಿರೆಂದು ಹೇಳಿತು.

ಭಾರತದಲ್ಲಿ ಮರುಬಣ್ಣದ ದೊಡ್ಡ ಪ್ರಸಂಗ ನಡೆದದ್ದು ಮನೆಯಲ್ಲಲ್ಲ, ಸೈನ್ಯದ ಬಿಡಾರದಲ್ಲಿ. 1857ರ ಬೇಸಿಗೆಯಲ್ಲಿ ಬ್ರಿಟಿಷ್ ತುಕಡಿಗಳು ಎದ್ದುಕಾಣುವ ಬಿಳಿ ಡ್ರಿಲ್ ಸಮವಸ್ತ್ರವನ್ನು ಚಹಾ, ಕಾಫಿ, ಕೆಸರು, ಶಾಯಿ ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಅದ್ದಿ ಮಣ್ಣುಬಣ್ಣಕ್ಕೆ ತಂದುಕೊಂಡವು. ಒಬ್ಬೊಬ್ಬನದು ಒಂದೊಂದು ಛಾಯೆಯಾಯಿತು, ಒಗೆದರೆ ಅದೂ ನಿಲ್ಲಲಿಲ್ಲ. ಮಣ್ಣುಬಣ್ಣದ ಖಾಕಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹ್ಯಾಲರ್ ಕಂಡುಹಿಡಿದನೆಂಬ ಮಾತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ಹ್ಯಾಲರ್ ಬಂದದ್ದು 1850ರ ದಶಕದಲ್ಲಿ. ವಾಯವ್ಯ ಗಡಿಯ ಗೈಡ್ಸ್ ದಳ ಅದಕ್ಕೆ ಮೊದಲೇ ಮಣ್ಣುಬಣ್ಣ ಉಟ್ಟಿತ್ತು. ಆದ್ದರಿಂದ ಮಂಗಳೂರಿಗೆ ಸಲ್ಲುವುದು ಹೊಸ ಬಣ್ಣದ ಕೀರ್ತಿಗಿಂತ ಆ ಬಣ್ಣದ ಬಟ್ಟೆಯನ್ನು ಕಾರ್ಖಾನೆಯಲ್ಲಿ ತಯಾರಿಸಿದ ಕೀರ್ತಿ ಎನ್ನುವುದು ಸರಿ.

1956ರಲ್ಲಿ, ಪರ್ಕಿನ್ನನ ಶೋಧದ ನೂರನೇ ವರ್ಷಕ್ಕೆ ಸರಿಯಾಗಿ, ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಹೆಸರಿನ ರಿಯಾಕ್ಟಿವ್ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ರ್‍ಯಾಟೀ ಮತ್ತು ಸ್ಟೀಫನ್ ಎಂಬ ರಸಾಯನಶಾಸ್ತ್ರಜ್ಞರ ಕೆಲಸ ಅದು. ಈ ಬಣ್ಣ ಹತ್ತಿಯ ಅಣುವಿನೊಡನೆ ನೇರವಾಗಿ ಬೆಸೆದುಕೊಳ್ಳುತ್ತದೆ, ಅದೂ ತಣ್ಣೀರಿನಲ್ಲೇ. ಮನೆಯಲ್ಲಿ ಗಟ್ಟಿ ಬಣ್ಣ ಸಾಧ್ಯವಾದದ್ದು ಅಲ್ಲಿಂದ ಈಚೆಗೆ.

ಮೊದಲು ಎಳೆ ಯಾವುದೆಂದು ತಿಳಿಯಬೇಕು

ಯಾವ ಬಣ್ಣ ಬೇಕು ಎಂಬುದಕ್ಕಿಂತ ಬಟ್ಟೆ ಯಾವುದರದ್ದು ಎಂಬ ಪ್ರಶ್ನೆ ದೊಡ್ಡದು. ಅಂಚಿನ ಎರಡು ನೂಲು ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡುವುದು ಹಳೆಯ, ನೆಚ್ಚಬಹುದಾದ ಪರೀಕ್ಷೆ. ಹತ್ತಿ ಮತ್ತು ರೇಯಾನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೃದುವಾದ ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆಗಳದು ಕೂದಲು ಸುಟ್ಟ ನಾತ. ಉಳಿದ ಕರಿಮಣಿಯನ್ನು ಬೆರಳಲ್ಲಿ ಪುಡಿಮಾಡಬಹುದು. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕಿ ಕಲ್ಲಿನಂಥ ಗಟ್ಟಿ ಮಣಿಯಾಗುತ್ತದೆ.

ಹತ್ತಿ, ಲಿನನ್, ರೇಯಾನ್‌ಗಳಿಗೆ ಡೈರೆಕ್ಟ್ ಇಲ್ಲವೇ ರಿಯಾಕ್ಟಿವ್ ಬಣ್ಣ. ರೇಷ್ಮೆ, ಉಣ್ಣೆ, ನೈಲಾನ್‌ಗೆ ಆಸಿಡ್ ಬಣ್ಣ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣ ಮಾತ್ರ. ಕಾರ್ಖಾನೆಯಲ್ಲಿ ಅದನ್ನು ಒತ್ತಡದ ಯಂತ್ರದೊಳಗೆ 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಳೆಯೊಳಗೆ ಹೊಗಿಸುತ್ತಾರೆ. ಅಡುಗೆಮನೆಯ ಒಲೆಯಲ್ಲಿ ತಿಳಿಬಣ್ಣ ಬಂದೀತೇ ಹೊರತು ಗಾಢ ಬಣ್ಣ ಬರುವುದು ಕಷ್ಟ. ‘ಎಲ್ಲ ಬಟ್ಟೆಗೂ’ ಎಂದು ಬರೆದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಡೈರೆಕ್ಟ್ ಮತ್ತು ಆಸಿಡ್ ಬಣ್ಣಗಳ ಮಿಶ್ರಣವಿರುತ್ತದೆ. ಹತ್ತಿ ಒಂದನ್ನು ಹೀರಿಕೊಂಡರೆ ಇನ್ನೊಂದು ನೀರಿನ ಜೊತೆ ಮೋರಿಗೆ ಹೋಗುತ್ತದೆ.

ಟೆರಿಕಾಟ್ ಬಟ್ಟೆಯಲ್ಲಿ ಪಾಲಿಯೆಸ್ಟರ್ ಪಾಲೇ ಹೆಚ್ಚು, ಮೂರರಲ್ಲಿ ಎರಡು ಪಾಲಿನಷ್ಟಿರುವುದು ಸಾಮಾನ್ಯ. ಅದಕ್ಕೆ ಹತ್ತಿಯ ಬಣ್ಣ ಹಾಕಿದರೆ ಹತ್ತಿಯ ಎಳೆ ಮಾತ್ರ ಬಣ್ಣವಾಗಿ, ಒಟ್ಟು ಬಟ್ಟೆ ಅರೆಬರೆ ಛಾಯೆಯಲ್ಲಿ ನಿಲ್ಲುತ್ತದೆ. ಅಪ್ಪಟ ಹತ್ತಿಯ ಕುರ್ತಾದಲ್ಲೂ ಹೊಲಿಗೆ ದಾರ ಬಹುಪಾಲು ಪಾಲಿಯೆಸ್ಟರಿನದೇ. ಮಾಸಿದ ಬೂದು ಕುರ್ತಾಕ್ಕೆ ಕಡುನೀಲಿ ಹಾಕಿ ತೆಗೆದಾಗ ಕೊರಳಪಟ್ಟಿ, ಜೇಬು, ತೋಳಿನ ಸುತ್ತ ಹಳೆಯ ಬೂದು ಹೊಲಿಗೆ ಒಂದೊಂದು ಟಾಕೂ ಎಣಿಸುವಂತೆ ಎದ್ದುನಿಲ್ಲುತ್ತದೆ. ಕೆಲವರಿಗೆ ಇದು ಅಂದ, ಕೆಲವರಿಗೆ ಎಡವಟ್ಟು. ಅದ್ದುವ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಬಟ್ಟೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನೂ ನೋಡಬೇಕು. ಬಿಸಿಲು ಬಣ್ಣದ ಜೊತೆಗೆ ಎಳೆಯನ್ನೂ ತಿಂದಿರುತ್ತದೆ. ಹಳೆಯ ಪರದೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿದಾಗ ಪಿಸಿದರೆ ಅದಕ್ಕೆ ಬಣ್ಣ ದಂಡ.

ಅದ್ದುವ ಕ್ರಮ

ಹಳೆಯ ಬಣ್ಣವನ್ನು ಮರಳಿ ತರುವುದಕ್ಕಾಗದು; ಉಳಿದಿರುವುದರ ಮೇಲೆ ಹೊಸದನ್ನು ಹೇರುವುದಷ್ಟೇ ಸಾಧ್ಯ. ಹಾಗಾಗಿ ಎರಡೂ ಸೇರಿ ಏನಾಗುತ್ತದೆಂಬ ಲೆಕ್ಕ ಬೇಕು. ಮಾಸಿದ ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು, ನೀಲಿಯ ಮೇಲೆ ಗುಲಾಬಿ ಬಿದ್ದರೆ ನೇರಳೆ, ಹಸಿರಿನ ಮೇಲೆ ಕೆಂಪು ಬಿದ್ದರೆ ಕಂದು. ಇದ್ದದ್ದಕ್ಕಿಂತ ತಿಳಿಯಾದ ಬಣ್ಣ ಸಿಗುವುದಿಲ್ಲ. ಅಲ್ಲಲ್ಲಿ ಬಿಳಿಚಿದ ಬಟ್ಟೆಗೆ ತಿಳಿಬಣ್ಣ ಹಾಕಿದರೆ ಮಚ್ಚೆಗಳು ಹಾಗೆಯೇ ಉಳಿಯುತ್ತವೆ, ಗಾಢ ಬಣ್ಣವೊಂದೇ ಅವನ್ನು ಮುಚ್ಚುವುದು. ಕೆಂಪು ಛಾಯೆಗೆ ತಿರುಗಿದ ಕಪ್ಪಿಗೆ ಬರೀ ಕಪ್ಪಿಗಿಂತ, ಸ್ವಲ್ಪ ಕಡುನೀಲಿ ಬೆರೆಸಿದ ಕಪ್ಪು ಒಳ್ಳೆಯ ಫಲ ಕೊಡುತ್ತದೆ.

ಬಟ್ಟೆ ಪೂರ್ತಿ ಶುಚಿಯಾಗಿರಬೇಕು. ಗಂಜಿ, ಎಣ್ಣೆಯ ಕಲೆ ಇದ್ದ ಕಡೆ ಬಣ್ಣ ಕೂರುವುದಿಲ್ಲ. ಪಾತ್ರೆ ಸ್ಟೀಲಿನದೋ ಎನಾಮಲ್ಲಿನದೋ ಆಗಿರಲಿ. ಸೋಡಾ ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಕಬ್ಬಿಣ ಮತ್ತು ತಾಮ್ರ ಬಣ್ಣವನ್ನು ಕೆಡಿಸುತ್ತವೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು ಮತ್ತೆ ಅಡುಗೆಗೆ ಸಲ್ಲವು. ರಿಯಾಕ್ಟಿವ್ ಬಣ್ಣದ ಪುಡಿ ಉಸಿರಿಗೆ ಸೇರಿದರೆ ಕೆಲವರಲ್ಲಿ ಉಬ್ಬಸದಂಥ ಅಲರ್ಜಿ ತರುತ್ತದೆ. ಪೊಟ್ಟಣ ಬಿಚ್ಚುವಾಗ ಫ್ಯಾನ್ ಆರಿಸಿ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳುವುದು ಅಗತ್ಯ.

ಬಣ್ಣದ ಅಂಗಡಿಯವರು ರಿಯಾಕ್ಟಿವ್ ಬಣ್ಣಗಳನ್ನು ಕೋಲ್ಡ್ ಬ್ರ್ಯಾಂಡ್, ಹಾಟ್ ಬ್ರ್ಯಾಂಡ್ ಎಂದು ಕರೆಯುತ್ತಾರೆ. ಮನೆಗೆ ಕೋಲ್ಡ್ ಬ್ರ್ಯಾಂಡ್ ಅನುಕೂಲ. ಲೆಕ್ಕವೆಲ್ಲ ಒಣಬಟ್ಟೆಯ ತೂಕದ ಮೇಲೆ. 250 ಗ್ರಾಂ ತೂಗುವ ಹತ್ತಿ ಕುರ್ತಾಕ್ಕೆ ಅದರ ಇಪ್ಪತ್ತು ಪಟ್ಟು, ಅಂದರೆ 5 ಲೀಟರ್ ನೀರು. ಮಧ್ಯಮ ಛಾಯೆಗೆ ಬಟ್ಟೆಯ ತೂಕದ ಶೇ. 2ರಷ್ಟು, ಅಂದರೆ 5 ಗ್ರಾಂ ಬಣ್ಣ; ಕಪ್ಪಿಗೆ ಶೇ. 6ರಿಂದ 8. ಉಪ್ಪು ಲೀಟರಿಗೆ 50 ಗ್ರಾಂ, ಗಾಢ ಬಣ್ಣಕ್ಕೆ ಅದರ ಎರಡರಷ್ಟು. ಬಣ್ಣವನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸೋಸಿ ಬೆರೆಸಬೇಕು. ನೆನೆಸಿ ಹಿಂಡಿದ ಬಟ್ಟೆಯನ್ನು ಬಿಟ್ಟು ಆಡಿಸುತ್ತ, ಉಪ್ಪನ್ನು ಮೂರು ಕಂತಿನಲ್ಲಿ ಹಾಕಿ ಅರ್ಧ ಗಂಟೆ ಕಳೆಯಬೇಕು. ಆಮೇಲೆ ಬಟ್ಟೆಯನ್ನು ಮೇಲೆತ್ತಿ, ಬೇರೆ ಪಾತ್ರೆಯಲ್ಲಿ ಕರಗಿಸಿದ ಒಣಪುಡಿ ಸೋಡಾವನ್ನು (ಸೋಡಾ ಆಶ್) ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಸುರಿದು, ಬಟ್ಟೆಯನ್ನು ಮತ್ತೆ ಇಳಿಬಿಟ್ಟು ಇನ್ನೊಂದು ಗಂಟೆ ಆಡಿಸುತ್ತಿರಬೇಕು. ಸೋಡಾವನ್ನು ನೇರ ಬಟ್ಟೆಯ ಮೇಲೆ ಸುರಿದರೆ ಆ ಜಾಗ ಕಡುಮಚ್ಚೆಯಾಗುತ್ತದೆ. ಹರಳು ರೂಪದ ವಾಷಿಂಗ್ ಸೋಡಾದಲ್ಲಿ ಶೇ. 60ಕ್ಕೂ ಮಿಕ್ಕಿ ನೀರೇ ಇರುವುದರಿಂದ ಅದನ್ನು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಬಳಸಬೇಕು. ಅಡುಗೆ ಸೋಡಾ ಈ ಕೆಲಸಕ್ಕೆ ಸಾಲದು.

ಉಪ್ಪಿಗೂ ಸೋಡಾಕ್ಕೂ ಇಲ್ಲಿ ಬೇರೆ ಬೇರೆ ಕೆಲಸ. ನೀರಿನಲ್ಲಿ ಹತ್ತಿಗೂ ಬಣ್ಣದ ಅಣುವಿಗೂ ಋಣ ವಿದ್ಯುದಂಶವೇ ಇರುವುದರಿಂದ ಒಂದನ್ನೊಂದು ತಳ್ಳುತ್ತವೆ. ಉಪ್ಪು ಈ ಜಗಳ ಬಿಡಿಸಿ ಬಣ್ಣವನ್ನು ಎಳೆಯ ಹತ್ತಿರಕ್ಕೆ ತರುತ್ತದೆ. ಬೆಸೆಯುವುದು ಸೋಡಾದ ಕ್ಷಾರ. ಅದೇ ಕ್ಷಾರದಲ್ಲಿ ಬಣ್ಣ ನೀರಿನೊಡನೆಯೂ ಕೂಡಿ ವ್ಯರ್ಥವಾಗುತ್ತಿರುತ್ತದೆ. ಆದ್ದರಿಂದ ಸೋಡಾ ಬೆರೆಸಿದ ಬಣ್ಣದ ನೀರನ್ನು ನಾಳೆಗೆಂದು ಎತ್ತಿಡುವುದು ನಿರರ್ಥಕ. ಬೆಸೆಯದೆ ಉಳಿದ ಬಣ್ಣ ಬಟ್ಟೆಯಲ್ಲೇ ಸಿಕ್ಕಿಕೊಂಡಿರುವುದರಿಂದ ಮೊದಲು ತಣ್ಣೀರಿನಲ್ಲಿ, ಆಮೇಲೆ ಕುದಿಯುವಷ್ಟು ಬಿಸಿಯಾದ ಸೋಪಿನ ನೀರಿನಲ್ಲಿ, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆಂಬುದನ್ನು ನೆನಪಿಟ್ಟು ಛಾಯೆ ನಿರ್ಧರಿಸಬೇಕು. ಒಣಗಿಸುವುದು ನೆರಳಿನಲ್ಲಿ.

ಡೈರೆಕ್ಟ್ ಬಣ್ಣದ ಪೊಟ್ಟಣದ ಕೆಲಸ ಇಷ್ಟು ನಾಜೂಕಿನದಲ್ಲ. ಕುದಿಗೆ ಹತ್ತಿರದ ನೀರಿನಲ್ಲಿ ಉಪ್ಪು ಹಾಕಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಇಟ್ಟು, ಅದೇ ನೀರಿನಲ್ಲಿ ಆರಲು ಬಿಟ್ಟರಾಯಿತು. ಆದರೆ ಪ್ರತಿ ಒಗೆತಕ್ಕೂ ಅದು ಅಷ್ಟಿಷ್ಟು ಬಿಡುತ್ತಲೇ ಇರುತ್ತದೆ.

ಹಳೆಯ ಬಣ್ಣವನ್ನೇ ಕಿತ್ತು ಹೊಸದನ್ನು ಹಾಕಬೇಕೆಂದರೆ ಬಣ್ಣಗಾರರು ಹೈಡ್ರೋಸ್ ಎಂಬ ಪುಡಿಯನ್ನು ಸೋಡಾದ ಬಿಸಿನೀರಿನಲ್ಲಿ ಬಳಸುತ್ತಾರೆ. ಗಂಧಕದ ಕಟುವಾಸನೆ ಬರುವ ಈ ಪುಡಿ ತೇವ ತಗುಲಿದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಮನೆಯಲ್ಲಿ ಇಡದಿರುವುದೇ ಒಳಿತು.

ಸೀರೆಯ ಮಾತು

ರೇಷ್ಮೆಗೆ ಆಸಿಡ್ ಬಣ್ಣ ಮತ್ತು ಲೀಟರಿಗೆ ಎರಡು ಚಮಚದಷ್ಟು ವಿನೆಗರ್ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಆರಂಭಿಸಿ ನಿಧಾನವಾಗಿ 85 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಇಡಬೇಕು, ಕುದಿಯಬಾರದು. ಕುದಿದರೆ ಹೊಳಪು ಹೋಗುತ್ತದೆ. ಲೆಕ್ಕದಲ್ಲಿ ಇದು ಸುಲಭ. ಕಷ್ಟವಿರುವುದು ಆರು ಗಜದ ಉದ್ದದಲ್ಲಿ. ಮನೆಯ ಪಾತ್ರೆಯಲ್ಲಿ ಸೀರೆ ಬಿಡಿಯಾಗಿ ಆಡದೆ ಮಡಿಕೆ ಮಡಿಕೆಯಲ್ಲಿ ಬೇರೆ ಬೇರೆ ಛಾಯೆ ಹತ್ತುತ್ತದೆ. ಅಂಚು, ಸೆರಗು ಬೇರೆ ಬಣ್ಣದ್ದಾದರೆ ಅವೂ ಬದಲಾಗುತ್ತವೆ. ಕಸುಬುದಾರರು ಅಂಚನ್ನು ಬಿಗಿದು ಕಟ್ಟಿ ಒಡಲನ್ನಷ್ಟೇ ಅದ್ದುತ್ತಾರೆ. ಹೆಚ್ಚು ಹೊತ್ತಿನ ಬಿಸಿ ಮತ್ತು ಹುಳಿಗೆ ಜರಿ, ಅದರಲ್ಲೂ ತಾಮ್ರದ ಎಳೆಯ ಅಗ್ಗದ ಜರಿ, ಕಪ್ಪಾಗುತ್ತದೆ. ಒಂದೇ ಬಣ್ಣದ, ಕಿರುಜರಿಯ ಸಾದಾ ಮೈಸೂರು ಕ್ರೇಪ್ ಸೀರೆ ಮರುಬಣ್ಣಕ್ಕೆ ಒಗ್ಗುವಷ್ಟು ಬುಟ್ಟಾ ತುಂಬಿದ ಕಂಚಿ ಸೀರೆ ಒಗ್ಗುವುದಿಲ್ಲ.

ಇಳಕಲ್ ಸೀರೆ ಇನ್ನೊಂದು ಬಗೆಯ ಪಾಠ. ಅದರ ಒಡಲಿನ ಹಾಸು ಹಲವೊಮ್ಮೆ ಹತ್ತಿಯದು, ಸೆರಗಿನದು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಎನ್ನುವ ರೇಯಾನ್. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯ್ದಿರುತ್ತಾರೆ. ಒಂದೇ ನೀರಿನಲ್ಲಿ ಅದ್ದಿದರೆ ಎರಡೂ ಎಳೆಗಳು ಬಣ್ಣವನ್ನು ಒಂದೇ ಸಮನೆ ಕುಡಿಯುವುದಿಲ್ಲ. ರೇಯಾನ್ ಆಗಿದ್ದರೆ ಹತ್ತಿಗಿಂತ ಗಾಢವಾಗುತ್ತದೆ, ರೇಷ್ಮೆಯಾಗಿದ್ದರೆ ಬೇರೆಯೇ ಛಾಯೆ. ಸೆರಗಿನ ಕೆಂಪು ಬಿಳುಪುಗಳ ಗೆರೆ ಕೂಡಿಹೋದರೆ ಅದು ಇಳಕಲ್ ಆಗಿಯೇ ಉಳಿಯುವುದಿಲ್ಲ. ಇಂಥದ್ದನ್ನು ಮನೆಯಲ್ಲಿ ಮುಟ್ಟದಿರುವುದು ಜಾಣತನ.

ಗಿಡಮೂಲದ ಬಣ್ಣ

ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಅಳಲೆಕಾಯಿ ಮನೆಯಲ್ಲಿ ಸುಲಭವಾಗಿ ಸಿಗುವ ಮೂಲಗಳು. ದಾಳಿಂಬೆ ಸಿಪ್ಪೆಯ ಕಷಾಯ ಪಟಿಕದೊಡನೆ ಹಳದಿ ಕೊಟ್ಟರೆ ಅನ್ನಭೇದಿಯೊಡನೆ ಹಸಿರುಮಿಶ್ರಿತ ಬೂದು ಕೊಡುತ್ತದೆ. ಅಳಲೆಯ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಕಲಂಕಾರಿಯವರು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಸಿ ಪಡೆಯುವ ಕಪ್ಪೂ ಇದೇ. ಕಬ್ಬಿಣ ಹೆಚ್ಚಾದರೆ ಹತ್ತಿ ಕಾಲಕ್ರಮೇಣ ಪಿಸಿಯುತ್ತದೆ. ಅರಿಶಿನ ಸೊಗಸಾಗಿ ಹತ್ತುತ್ತದೆ, ಆದರೆ ಸೋಪು ತಗುಲಿದರೆ ಕೆಂಪಾಗುತ್ತದೆ, ಬಿಸಿಲಿಗೆ ಹಾರಿಹೋಗುತ್ತದೆ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ, ಬಣ್ಣ ನಿಲ್ಲಿಸಲು ಕೆಲವರು ಹಾಕುವ ಮೈಲುತುತ್ತ ವಿಷವೇ. ಇತ್ತ ಕೃತಕ ಬಣ್ಣಗಳಲ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲ ಕೆಲವು ಅಜೋ ಬಣ್ಣಗಳನ್ನು 1990ರ ದಶಕದಲ್ಲಿ ಮೊದಲು ಜರ್ಮನಿ, ಬೆನ್ನಿಗೆ ಭಾರತ ನಿಷೇಧಿಸಿದವು. ಹೆಸರಿಲ್ಲದ ಬಿಡಿ ಬಣ್ಣದ ಪುಡಿಯನ್ನು ಮೈಗೆ ತಾಗುವ ಬಟ್ಟೆಗೆ ಬಳಸದಿರುವುದಕ್ಕೆ ಇಷ್ಟು ಕಾರಣ ಸಾಕು.

ಮಲೆನಾಡಿಗೇ ಸೇರಿದ ಒಂದು ಬಣ್ಣ ಅಡಿಕೆ ಚೊಗರು. ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಗಂದು ಒಗರು ನೀರು ಅದು. ಬೇಯಿಸುವವರ ಅಂಗಿ-ಪಂಚೆಗೆ ಒಮ್ಮೆ ಹತ್ತಿದರೆ ಹೋಗದೆಂಬುದು ಅಡಿಕೆ ಸುಲಿಯುವ ಮನೆಗಳಿಗೆಲ್ಲ ಗೊತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಮಹಿಳಾ ಸಹಕಾರ ಸಂಘ ಈ ಚೊಗರನ್ನೇ ಕೈಮಗ್ಗದ ನೂಲಿಗೆ ಬಣ್ಣವಾಗಿ ಬಳಸಿ ಹೆಸರಾಯಿತು. ಮಾಸಿದ ಬಿಳಿ ದುಪ್ಪಟ್ಟಾ, ಹಳದಿಗಟ್ಟಿದ ಪಂಚೆಗೆ ಮನೆಯಲ್ಲಿ ಗಿಡಮೂಲದ ಬಣ್ಣ ಹಾಕುವುದಾದರೆ ಇಂಥ ಒಗರಿನ ಬಣ್ಣದಿಂದ ಶುರುಮಾಡುವುದು ಅರಿಶಿನಕ್ಕಿಂತ ಮೇಲು. ಒಗರು ತಾನೇ ಎಳೆಗೆ ಕಚ್ಚಿಕೊಳ್ಳುತ್ತದೆ.

ಬಣ್ಣ ಬಿಡುವುದು

ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬುದು ಮನೆಮನೆಯ ನಂಬಿಕೆ. ಉಪ್ಪಿರುವ ನೀರಿನಲ್ಲಿ ಡೈರೆಕ್ಟ್ ಬಣ್ಣ ಹೊರಬರಲು ಹಿಂಜರಿಯುವುದು ನಿಜ. ಮುಂದಿನ ಸಲ ಸಾದಾ ನೀರಿಗೆ ಹಾಕಿದಾಗ ಅದು ಮೊದಲಿನಂತೆಯೇ ಬಿಡುತ್ತದೆ. ರಿಯಾಕ್ಟಿವ್ ಬಣ್ಣದ ಬಟ್ಟೆ ಬಿಡುತ್ತಿದ್ದರೆ ಬೆಸೆಯದ ಮಿಕ್ಕ ಬಣ್ಣ ಹೋಗುತ್ತಿದೆ ಎಂದರ್ಥ, ಅದನ್ನು ಉಪ್ಪಿನಲ್ಲಿ ತಡೆಯುವ ಬದಲು ಬಿಸಿನೀರಿನಲ್ಲಿ ಹೊರಡಿಸಿಬಿಡಬೇಕು. ಡೈರೆಕ್ಟ್ ಬಣ್ಣಕ್ಕೆ ನಿಜವಾಗಿ ನೆರವಾಗುವುದು ಡೈ ಫಿಕ್ಸರ್ ಎಂದು ಮಾರುವ, ಧನ ವಿದ್ಯುದಂಶವುಳ್ಳ ದ್ರವಗಳು. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದರೆ ಒಣಗಲು ಬಿಡದೆ ಕೂಡಲೇ ಮತ್ತೆ ಒಗೆಯಬೇಕು. ಇಸ್ತ್ರಿ ಹಾಕಿದ ಮೇಲೆ ಕಷ್ಟ.

ಜವಳಿ ಪ್ರಯೋಗಾಲಯಗಳು ಬಿಸಿಲಿನ ತಾಳಿಕೆಯನ್ನು 1ರಿಂದ 8ರ, ಒಗೆತದ ತಾಳಿಕೆಯನ್ನು 1ರಿಂದ 5ರ ಅಂಕಗಳಲ್ಲಿ ಅಳೆಯುತ್ತವೆ. ಇವೆರಡಕ್ಕೂ ಸಂಬಂಧವಿಲ್ಲ. ಒಗೆತಕ್ಕೆ ಜಗ್ಗದ ಬಣ್ಣ ಬಿಸಿಲಿಗೆ ಬಿಳಿಚಬಹುದು. ಪರದೆಗೆ ಬಣ್ಣ ಆರಿಸುವವರು ನೋಡಬೇಕಾದದ್ದು ಮೊದಲನೆಯದನ್ನು, ಹಾಸಿಗೆ ಹೊದಿಕೆಗೆ ಎರಡನೆಯದನ್ನು.

ಮನೆಯ ದೊಡ್ಡ ಬಟ್ಟೆಗಳು

ಜೋಡಿ ಮಂಚದ ಹತ್ತಿ ಹಾಸು ಒಂದು ಕಿಲೋಗ್ರಾಂ ತೂಗಿದರೆ 20 ಲೀಟರ್ ನೀರು, ಅದರಲ್ಲಿ ಬಟ್ಟೆ ತಿರುಗಲು ಜಾಗ ಬೇಕು. ಸ್ನಾನದ ನೀರಿನ ದೊಡ್ಡ ಬಕೆಟ್ಟೂ ಕಿರಿದೇ. ಕೋಲ್ಡ್ ಬ್ರ್ಯಾಂಡ್ ಬಣ್ಣಕ್ಕೆ ಒಲೆ ಬೇಡವಾದ್ದರಿಂದ ಪ್ಲಾಸ್ಟಿಕ್ ಟಬ್ ಸಾಕಾಗುತ್ತದೆ. ಸೋಫಾ ಕವರು, ಹೊರದೇಶದ ಹೊಳಪಿನ ಪರದೆಗಳು ಬಹುಪಾಲು ಪಾಲಿಯೆಸ್ಟರ್, ಅವನ್ನು ಬಿಟ್ಟುಬಿಡಬೇಕು. ನವಲಗುಂದದ ಜಮಖಾನೆಯಂಥ ಬಹುವರ್ಣದ ಹಾಸುಗಳಿಗೆ ಮರುಬಣ್ಣ ಹಾಕಿದರೆ ವಿನ್ಯಾಸವೇ ಅಳಿಸಿಹೋಗುತ್ತದೆ. ಅವಕ್ಕೆ ಧೂಳು ಕೊಡವಿ ನೆರಳಿನಲ್ಲಿ ಗಾಳಿಯಾಡಿಸುವುದೇ ಆರೈಕೆ. ಬಣ್ಣ ಹಾಕಿ ಮಿಕ್ಕ ನೀರಿನಲ್ಲಿ ಉಪ್ಪು, ಸೋಡಾ ಎರಡೂ ಇರುವುದರಿಂದ ಗಿಡಗಳ ಬುಡಕ್ಕೆ, ಬಾವಿಯ ಬಳಿ ಚೆಲ್ಲಬಾರದು.

ಬಣ್ಣಕ್ಕೂ ಒಗ್ಗದ, ಉಡಲೂ ಆಗದ ಹಳೆಯ ಸೀರೆ-ಪಂಚೆಗಳು ಉತ್ತರ ಕರ್ನಾಟಕದಲ್ಲಿ ಕೌದಿಯಾಗುತ್ತವೆ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೈಯಲ್ಲಿ ಕವಂದಿಯಾಗುತ್ತವೆ. ಪದರದ ಮೇಲೆ ಪದರವಿಟ್ಟು ಸಣ್ಣ ಟಾಕಿನಲ್ಲಿ ಹೊಲಿಯುವ ಈ ಹೊದಿಕೆಗಳಿಗೆ ಮಾಸಿದ ಬಟ್ಟೆಯೇ ಅನುಕೂಲ. ಬಿಡಬೇಕಾದ ಬಣ್ಣ ಬಿಟ್ಟು ಮೆತ್ತಗಾಗಿರುತ್ತದೆ. ನಡುವೆ ಹೊಸದಾಗಿ ಮರುಬಣ್ಣ ಹಾಕಿದ ತುಂಡನ್ನು ಸೇರಿಸುವುದಾದರೆ, ಒದ್ದೆ ಬಿಳಿ ಬಟ್ಟೆಯಿಂದ ಅದನ್ನು ಗಟ್ಟಿಯಾಗಿ ಉಜ್ಜಿ ನೋಡಬೇಕು. ಕಲೆ ಹತ್ತಿದರೆ ಇನ್ನೆರಡು ಬಿಸಿನೀರಿನ ಒಗೆತ ಕೊಟ್ಟ ಮೇಲೆಯೇ ಹೊಲಿಗೆಗೆ ತೆಗೆದುಕೊಳ್ಳಬೇಕು.